ಬ್ರೌಸರ್ ಲಾಗಿಂಗ್‌ಗೆ ಯಾವ ಸಾಧನ? ಕನ್ಸೋಲ್, ಸ್ವಂತ ರ‍್ಯಾಪರ್, ಲಾಗ್‌ಲೆವೆಲ್, ಡೀಬಗ್, ಪಿನೊ: ಒಂದು ಹೋಲಿಕೆ

ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ಗೆ ಲಾಗಿಂಗ್ ಸಾಧನವನ್ನು, ಅಂದರೆ ಕೋಡ್ ಓಡುವಾಗ ಸಂದೇಶಗಳನ್ನು ದಾಖಲಿಸುವ ಸಾಧನವನ್ನು, ಆರಿಸುವಾಗ ಹೆಚ್ಚಿನವರು ಮೊದಲು ನೋಡುವುದು ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರ) ಪುಟದಲ್ಲಿರುವ ಡೌನ್‌ಲೋಡ್ ಸಂಖ್ಯೆಯನ್ನು ಮತ್ತು ಸೌಲಭ್ಯಗಳ ಪಟ್ಟಿಯನ್ನು. ಅವೆರಡಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯದೇ ಇದೆ: ಈ ಲಾಗನ್ನು ಓದುವವರು ಯಾರು, ಮತ್ತು ಓದುವ ಹೊತ್ತಿಗೆ ಅವರು ಎಲ್ಲಿರುತ್ತಾರೆ? ಸಂದೇಶ ಮೂಡಿದ ಬ್ರೌಸರ್‌ನ ಮುಂದೆಯೇ ಡೆವಲಪರ್ ಕುಳಿತಿದ್ದರೆ ಬೇಕಾಗುವ ಸಾಧನ ಒಂದು ಬಗೆಯದು. ಸಂದೇಶ ಯಾವುದೋ ಊರಿನ ಬಳಕೆದಾರರ ಫೋನಿನಲ್ಲಿ ಮೂಡಿ, ಅದನ್ನು ಓದಬೇಕಾದವರು ಮರುದಿನ ಕಚೇರಿಯಲ್ಲಿ ಸರ್ವರ್ ಲಾಗ್ ತೆರೆದು ನೋಡುವವರಾದರೆ ಬೇಕಾಗುವುದು ಇನ್ನೊಂದು ಬಗೆಯದು. ಈ ಪ್ರಶ್ನೆಗೆ ಉತ್ತರ ಖಚಿತವಾದ ಕೂಡಲೇ ಆಯ್ಕೆಗಳಲ್ಲಿ ಅರ್ಧದಷ್ಟು ತಾವಾಗಿಯೇ ಬಿದ್ದುಹೋಗುತ್ತವೆ.

ಮಾತು ಹಿಡಿತದಲ್ಲಿರಲಿ ಎಂದು ಲೇಖನದ ಉದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳುತ್ತೇನೆ: ಬಸ್ಸಿನ ಆಸನ ಕಾಯ್ದಿರಿಸುವ ಒಂದು ಪುಟ. ಅದರಲ್ಲಿ ಊರನ್ನು ಹುಡುಕುವ ಭಾಗ, ಆಸನ ಆರಿಸುವ ಭಾಗ ಮತ್ತು ಹಣ ಪಾವತಿಸುವ ಭಾಗ ಎಂಬ ಮೂರು ಮಾಡ್ಯೂಲ್‌ಗಳಿವೆ ಎಂದಿಟ್ಟುಕೊಳ್ಳೋಣ.

ಬರಿಯ ಕನ್ಸೋಲ್ ಎಲ್ಲಿಯವರೆಗೆ ಸಾಕು

ಕನ್ಸೋಲ್ ಎಂದರೆ ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ಸಂದೇಶಗಳು ಮೂಡುವ ಫಲಕ. ಇಂದು ನಾವು ಬಳಸುವ ಕನ್ಸೋಲ್ ವಿಧಾನಗಳು ಜನಪ್ರಿಯವಾದದ್ದು 2006ರಲ್ಲಿ ಫೈರ್‌ಫಾಕ್ಸ್‌ಗೆ ಬಂದ ಫೈರ್‌ಬಗ್ ಎಂಬ ವಿಸ್ತರಣೆಯಿಂದ. ಉಳಿದ ಬ್ರೌಸರ್‌ಗಳು ಅದನ್ನೇ ಅನುಸರಿಸಿದವು. ಎಲ್ಲರೂ ಒಪ್ಪುವ ವಿವರಣೆ ವೆಬ್ ಮಾನದಂಡಗಳನ್ನು ರೂಪಿಸುವ ವಾಟ್‌ಡಬ್ಲ್ಯುಜಿಯ ಕನ್ಸೋಲ್ ಮಾನದಂಡವಾಗಿ ಬಂದದ್ದು ಬಹಳ ತಡವಾಗಿ. ನಡುವಿನ ವರ್ಷಗಳಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಮತ್ತು 9ರಲ್ಲಿ ಡೆವಲಪರ್ ಟೂಲ್ಸ್ ತೆರೆಯದಿದ್ದರೆ ಕನ್ಸೋಲ್ ಎಂಬ ಆಬ್ಜೆಕ್ಟ್ ಇರುತ್ತಲೇ ಇರಲಿಲ್ಲ, ಮರೆತು ಬಿಟ್ಟ ಒಂದು ಲಾಗ್ ಸಾಲಿನಿಂದ ಇಡೀ ಪುಟ ನಿಂತುಹೋಗುತ್ತಿತ್ತು. ಆ ಕಾಲದಲ್ಲಿ ಬರೆದ ಸಣ್ಣ ಲಾಗಿಂಗ್ ಲೈಬ್ರರಿಗಳಲ್ಲಿ ಹಲವು ಹುಟ್ಟಿದ್ದೇ ಈ ಕೊರತೆಯನ್ನು ಮುಚ್ಚಲು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ರ ಬೆಂಬಲವನ್ನೂ ವಿಂಡೋಸ್ 10ರಲ್ಲಿ ಕೊನೆಗೊಳಿಸಿದ ಮೇಲೆ ಆ ಕಾರಣಕ್ಕೆ ಅರ್ಥ ಉಳಿದಿಲ್ಲ. ಹಳೆಯ ಪ್ರಾಜೆಕ್ಟ್‌ನಲ್ಲಿ ಅಂತಹ ಲೈಬ್ರರಿ ಇನ್ನೂ ಕುಳಿತಿದ್ದರೆ, ಅದು ಇಂದು ಏನು ಕೆಲಸ ಮಾಡುತ್ತಿದೆ ಎಂಬುದನ್ನು ಒಮ್ಮೆ ನೋಡುವುದು ಒಳ್ಳೆಯದು.

ಕನ್ಸೋಲ್‌ನ ಸಾಮರ್ಥ್ಯವನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ. ಆಬ್ಜೆಕ್ಟ್‌ಗಳ ಅರೇಯನ್ನು ಕೋಷ್ಟಕವಾಗಿ ತೋರಿಸುವ ಟೇಬಲ್, ಸಂಬಂಧಪಟ್ಟ ಸಾಲುಗಳನ್ನು ಒಟ್ಟುಗೂಡಿಸಿ ಮಡಚಿಡುವ ಗ್ರೂಪ್‌ಕೊಲ್ಯಾಪ್ಸ್ಡ್, ಎರಡು ಬಿಂದುಗಳ ನಡುವಿನ ಕಾಲವನ್ನು ಅಳೆಯುವ ಟೈಮ್ ಮತ್ತು ಟೈಮ್‌ಎಂಡ್, ಒಂದು ಸಾಲು ಎಷ್ಟು ಬಾರಿ ಓಡಿತು ಎಂದು ಎಣಿಸುವ ಕೌಂಟ್, ಷರತ್ತು ತಪ್ಪಾದಾಗ ಮಾತ್ರ ಸಂದೇಶ ಮೂಡಿಸುವ ಅಸರ್ಟ್, ಇವೆಲ್ಲ ಯಾವ ಲೈಬ್ರರಿಯೂ ಇಲ್ಲದೆ ದೊರೆಯುತ್ತವೆ. ಇದಲ್ಲದೆ ಕ್ರೋಮ್‌ನಲ್ಲಿ 2019ರ 73ನೇ ಆವೃತ್ತಿಯಿಂದ ಲಾಗ್‌ಪಾಯಿಂಟ್ ಸೌಲಭ್ಯವಿದೆ; ಸೋರ್ಸಸ್ ಫಲಕದಲ್ಲಿ ಸಾಲಿನ ಸಂಖ್ಯೆಯ ಮೇಲೆ ಬಲ ಕ್ಲಿಕ್ ಮಾಡಿ, ಏನನ್ನು ಮುದ್ರಿಸಬೇಕು ಎಂದು ಬರೆದರೆ ಸಾಕು, ಕೋಡ್‌ಗೆ ಕೈ ಹಾಕದೆಯೇ ಲಾಗ್ ಸಿಗುತ್ತದೆ. ಹತ್ತು ನಿಮಿಷದ ಹುಡುಕಾಟಕ್ಕಾಗಿ ಕೋಡ್‌ನಲ್ಲಿ ಲಾಗ್ ಸಾಲು ಸೇರಿಸಿ ಆಮೇಲೆ ಅಳಿಸುವ ಅಭ್ಯಾಸಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಅಳಿಸಲು ಮರೆತುಹೋಗುವ ಸಾಧ್ಯತೆಯೇ ಇರುವುದಿಲ್ಲ.

ಆದರೆ ಕನ್ಸೋಲ್‌ನ ಒಂದು ಗುಣವನ್ನು, ಯಾವ ಲೈಬ್ರರಿಯನ್ನು ಆರಿಸಿದರೂ ಅದು ಹಿಂಬಾಲಿಸುವುದರಿಂದ, ಚೆನ್ನಾಗಿ ತಿಳಿದಿರಲೇಬೇಕು. ನಮ್ಮ ಪುಟದಲ್ಲಿ ಆಯ್ದ ಆಸನಗಳ ಅರೇಯಲ್ಲಿ 3 ಆಸನಗಳಿರುವಾಗ ಅದನ್ನು ಲಾಗ್ ಮಾಡಿದ್ದೀರಿ. ಕ್ಷಣದ ನಂತರ ಪಾವತಿ ಮುಗಿದು ಅದೇ ಅರೇ ಖಾಲಿಯಾಗಿದೆ. ಕನ್ಸೋಲ್‌ನಲ್ಲಿ ಮಡಚಿದ ಸ್ಥಿತಿಯಲ್ಲಿ 3 ಎಂದು ಕಾಣುತ್ತದೆ, ಪಕ್ಕದ ತ್ರಿಕೋನವನ್ನು ಒತ್ತಿ ಬಿಡಿಸಿದರೆ ಒಳಗೆ ಏನೂ ಇಲ್ಲ. ಕಾರಣ ಸರಳ: ಕನ್ಸೋಲ್ ಇಟ್ಟುಕೊಳ್ಳುವುದು ಆಬ್ಜೆಕ್ಟ್‌ನ ಪ್ರತಿಯನ್ನಲ್ಲ, ಆಬ್ಜೆಕ್ಟ್‌ನ ಉಲ್ಲೇಖವನ್ನು, ಮತ್ತು ಅದರ ಒಳವಿವರವನ್ನು ಓದುವುದು ನೀವು ಬಿಡಿಸಿದ ಕ್ಷಣದಲ್ಲಿ. ಆ ಕ್ಷಣದ ಸ್ಥಿತಿಯೇ ಬೇಕಾದರೆ ಸ್ಟ್ರಕ್ಚರ್ಡ್‌ಕ್ಲೋನ್ ಮೂಲಕ ಪ್ರತಿ ತೆಗೆದು ಲಾಗ್ ಮಾಡಬೇಕು. ಅದು ಫಂಕ್ಷನ್‌ಗಳನ್ನೂ ಪುಟದ ಡಾಮ್ ಅಂಶಗಳನ್ನೂ ನಕಲಿಸಲಾರದೆ ಎರರ್ ಎಸೆಯುತ್ತದೆ ಎಂಬುದು ನೆನಪಿರಲಿ. ಉಲ್ಲೇಖವನ್ನು ಹಿಡಿದಿಟ್ಟುಕೊಳ್ಳುವ ಇದೇ ಗುಣದಿಂದ, ಡೆವಲಪರ್ ಟೂಲ್ಸ್ ತೆರೆದಿರುವಾಗ ಲಾಗ್ ಆದ ಆಬ್ಜೆಕ್ಟ್‌ಗಳು ಮೆಮೊರಿಯಿಂದ ಬಿಡುಗಡೆಯಾಗುವುದಿಲ್ಲ. ಮೆಮೊರಿ ಸೋರಿಕೆ ಹುಡುಕುವ ಮುನ್ನ ಕನ್ಸೋಲನ್ನು ಒಮ್ಮೆ ಖಾಲಿ ಮಾಡಬೇಕು.

ಹಾಗಾದರೆ ಬರಿಯ ಕನ್ಸೋಲ್ ಎಲ್ಲಿ ಸೋಲುತ್ತದೆ? ಅದಕ್ಕೆ ಕೋಡ್‌ನ ಕಡೆಯಿಂದ ಸ್ವಿಚ್ ಇಲ್ಲ. ಆಸನದ ಮಾಡ್ಯೂಲ್‌ನ ವಿವರ ಸಂದೇಶಗಳು ಮಾತ್ರ ಬೇಕು, ಪಾವತಿಯವು ಬೇಡ ಎಂದು ಹೇಳಲು ಕನ್ಸೋಲ್‌ನಲ್ಲಿ ಸಂದೇಶದ ಪಠ್ಯದಿಂದಲೋ ಫೈಲ್‌ನ ಹೆಸರಿನಿಂದಲೋ ಕೈಯಿಂದಲೇ ಸೋಸಬೇಕು. ಬಿಡುಗಡೆಯಾದ ಪುಟದಲ್ಲಿ ವಿವರ ಸಂದೇಶಗಳು ಮುಚ್ಚಿರಬೇಕು, ಆದರೆ ದೂರು ಬಂದಾಗ ತೆರೆಯುವಂತಿರಬೇಕು ಎಂಬ ಅಗತ್ಯವನ್ನು ಅದು ಪೂರೈಸುವುದಿಲ್ಲ. ಒಬ್ಬರೇ ಬರೆಯುವ, ಎರಡು ಮೂರು ಫೈಲ್‌ಗಳ ಪುಟಕ್ಕೆ ಈ ಅಗತ್ಯ ಬರುವುದಿಲ್ಲ. ಅಲ್ಲಿ ಲೈಬ್ರರಿ ಸೇರಿಸುವುದು ಅನಗತ್ಯ.

ಸಾಲಿನ ಸಂಖ್ಯೆ: ಮೊದಲ ಪರೀಕ್ಷೆ

ಕನ್ಸೋಲ್‌ನ ಪ್ರತಿ ಸಂದೇಶದ ಬಲತುದಿಯಲ್ಲಿ ಫೈಲ್‌ನ ಹೆಸರು ಮತ್ತು ಸಾಲಿನ ಸಂಖ್ಯೆ ಇರುವ ಒಂದು ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ಸಂದೇಶ ಹುಟ್ಟಿದ ಸಾಲಿಗೆ ನೇರವಾಗಿ ಹೋಗಬಹುದು. ಇದಕ್ಕಿಂತ ಹೆಚ್ಚು ಸಮಯ ಉಳಿಸುವ ಸೌಲಭ್ಯ ಬ್ರೌಸರ್ ಲಾಗಿಂಗ್‌ನಲ್ಲಿ ಇನ್ನೊಂದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಆಶ್ಚರ್ಯವೆಂದರೆ ಲಾಗಿಂಗ್ ಸಾಧನಗಳು ಮೊದಲು ಕೆಡಿಸುವುದೂ ಇದನ್ನೇ. ಲಾಗ್ ಎಂಬ ಒಂದು ಫಂಕ್ಷನ್ ಬರೆದು, ಅದರೊಳಗಿಂದ ಕನ್ಸೋಲನ್ನು ಕರೆದರೆ (ಇಂತಹ ಹೊದಿಕೆಯನ್ನೇ ರ‍್ಯಾಪರ್ ಎನ್ನುತ್ತಾರೆ), ಬ್ರೌಸರ್‌ನ ದೃಷ್ಟಿಯಲ್ಲಿ ಎಲ್ಲ ಸಂದೇಶಗಳೂ ಆ ರ‍್ಯಾಪರ್ ಫೈಲ್‌ನ ಒಂದೇ ಸಾಲಿನಿಂದ ಬಂದವು. ನೂರು ಸಂದೇಶಗಳ ಬಲತುದಿಯಲ್ಲೂ ಲಾಗರ್ ಫೈಲ್‌ನ 12ನೇ ಸಾಲು ಎಂದೇ ಕಾಣುತ್ತಿದ್ದರೆ ಆ ಕೊಂಡಿಯಿಂದ ಯಾವ ಪ್ರಯೋಜನವೂ ಇಲ್ಲ.

ಇದಕ್ಕೆ ಪರಿಹಾರ ಬೈಂಡ್ ವಿಧಾನ: ಇರುವ ಫಂಕ್ಷನ್‌ಗೆ ಕೆಲವು ಆರ್ಗ್ಯುಮೆಂಟ್‌ಗಳನ್ನು ಮೊದಲೇ ಜೋಡಿಸಿ ಹೊಸ ಫಂಕ್ಷನ್ ಕೊಡುವ ಜಾವಾಸ್ಕ್ರಿಪ್ಟ್ ಸೌಲಭ್ಯ. ಕನ್ಸೋಲನ್ನು ಒಳಗಿನಿಂದ ಕರೆಯುವ ಫಂಕ್ಷನ್ ಬರೆಯುವ ಬದಲು, ಕನ್ಸೋಲ್‌ನ ವಾರ್ನ್ ವಿಧಾನವನ್ನೇ ಕನ್ಸೋಲ್‌ಗೆ ಬೈಂಡ್ ಮಾಡಿ, ಮೊದಲ ಆರ್ಗ್ಯುಮೆಂಟ್ ಆಗಿ ಚೌಕ ಆವರಣದಲ್ಲಿ ಆಸನ ಎಂಬ ಗುರುತನ್ನು ಕೊಟ್ಟು, ಸಿಕ್ಕ ಫಂಕ್ಷನ್ನನ್ನು ಲಾಗರ್‌ನ ವಾರ್ನ್ ಎಂದು ಇಟ್ಟುಕೊಳ್ಳಬೇಕು. ಆಗ ನಿಮ್ಮ ಕೋಡ್‌ನ ಸಾಲಿನಿಂದ ನೇರವಾಗಿ ಕನ್ಸೋಲ್‌ನ ವಿಧಾನವೇ ಕರೆಯಲ್ಪಡುತ್ತದೆ, ನಡುವೆ ನಿಮ್ಮ ರ‍್ಯಾಪರ್‌ನ ಯಾವ ಸಾಲೂ ಬರುವುದಿಲ್ಲ, ಕೊಂಡಿ ಸರಿಯಾದ ಜಾಗಕ್ಕೇ ಹೋಗುತ್ತದೆ. ಸಂದೇಶದ ಗಂಭೀರತೆಯನ್ನು ಹೇಳುವ ಮಟ್ಟ ಮುಚ್ಚಿದ್ದರೆ ಅದೇ ಹೆಸರಿಗೆ ಏನೂ ಮಾಡದ ಖಾಲಿ ಫಂಕ್ಷನ್ ಇಟ್ಟರಾಯಿತು. ಸ್ವಂತ ರ‍್ಯಾಪರ್ ಎಂದರೆ ಇಷ್ಟೇ: ಡೀಬಗ್, ಇನ್ಫೊ, ವಾರ್ನ್, ಎರರ್ ಎಂಬ ನಾಲ್ಕು ಮಟ್ಟ, ಪ್ರತಿ ಮಟ್ಟಕ್ಕೆ ಬೈಂಡ್ ಆದ ವಿಧಾನ ಅಥವಾ ಖಾಲಿ ಫಂಕ್ಷನ್, ಪುಟ ತೆರೆಯುವಾಗ ಲೋಕಲ್‌ಸ್ಟೋರೇಜ್‌ನಿಂದ (ಬ್ರೌಸರ್‌ನಲ್ಲೇ ಸಣ್ಣ ಮಾಹಿತಿ ಉಳಿಸಿಡುವ ಜಾಗ) ಮಟ್ಟವನ್ನು ಓದುವ ಒಂದು ಸಾಲು. ಮೂವತ್ತು ಸಾಲಿನೊಳಗೆ ಮುಗಿಯುವ ಕೆಲಸ.

ಆ ಒಂದು ಸಾಲಿನಲ್ಲಿ ಎರಡು ಎಚ್ಚರಿಕೆಗಳು ಬೇಕು. ಬಳಕೆದಾರರು ಕುಕೀಗಳನ್ನು ಸಂಪೂರ್ಣವಾಗಿ ತಡೆದಿದ್ದರೆ ಲೋಕಲ್‌ಸ್ಟೋರೇಜನ್ನು ಮುಟ್ಟಿದ ಮಾತ್ರಕ್ಕೇ ಎರರ್ ಬರಬಹುದು, ಆದ್ದರಿಂದ ಅದನ್ನು ಟ್ರೈ ಮತ್ತು ಕ್ಯಾಚ್ ಒಳಗೆ ಇಡಬೇಕು. ಲಾಗರ್‌ನಿಂದಾಗಿ ಪುಟವೇ ತೆರೆಯದಂತಾಗಬಾರದು. ಎರಡನೆಯದಾಗಿ, ಮುಖ್ಯ ಪುಟದಿಂದ ಬೇರೆಯಾಗಿ ಹಿನ್ನೆಲೆಯಲ್ಲಿ ಓಡುವ ವೆಬ್ ವರ್ಕರ್‌ಗಳಲ್ಲಿ ಮತ್ತು ಸರ್ವಿಸ್ ವರ್ಕರ್‌ಗಳಲ್ಲಿ ಲೋಕಲ್‌ಸ್ಟೋರೇಜ್ ಇರುವುದೇ ಇಲ್ಲ. ಅಲ್ಲಿಗೆ ಮಟ್ಟವನ್ನು ಪೋಸ್ಟ್‌ಮೆಸೇಜ್ ಮೂಲಕ ಮುಖ್ಯ ಪುಟದಿಂದಲೇ ಕಳುಹಿಸಬೇಕು. ವರ್ಕರ್‌ಗಳನ್ನು ಹೆಚ್ಚಾಗಿ ಬಳಸುವ ತಂಡಗಳು ಮುಂದೆ ಹೇಳುವ ಲೈಬ್ರರಿಗಳನ್ನು ಆರಿಸುವಾಗಲೂ ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಸ್ವಂತ ರ‍್ಯಾಪರ್‌ನ ನಿಜವಾದ ಲಾಭ ಕನ್ನಡದಂತಹ ಭಾಷೆಯ ಪಠ್ಯದೊಂದಿಗೆ ಕೆಲಸ ಮಾಡುವಾಗ ಕಾಣುತ್ತದೆ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಊರನ್ನು ಹುಡುಕುವ ಭಾಗದಲ್ಲಿ ಬಳಕೆದಾರರು ಬೀದರ್ ಎಂದು ಟೈಪ್ ಮಾಡಿದ್ದಾರೆ, ಪಟ್ಟಿಯಲ್ಲೂ ಬೀದರ್ ಇದೆ, ಆದರೆ ಎರಡೂ ಸಮ ಅಲ್ಲ ಎಂದು ಕೋಡ್ ಹೇಳುತ್ತಿದೆ. ಎರಡನ್ನೂ ಲಾಗ್ ಮಾಡಿದರೆ ಕನ್ಸೋಲ್‌ನಲ್ಲಿ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಉದ್ದವನ್ನು ಮುದ್ರಿಸಿದರೆ ಒಂದು 5, ಇನ್ನೊಂದು 6. ಹೀಗಾಗಲು ಕನಿಷ್ಠ ಎರಡು ಕಾರಣಗಳಿವೆ. ದೀರ್ಘ ಈಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವ ಇಕಾರದ ಚಿಹ್ನೆ ಮತ್ತು ದೀರ್ಘದ ಗುರುತು ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಅಥವಾ ಪದದ ಕೊನೆಯ ರ್ ನಂತರ, ಕಣ್ಣಿಗೆ ಕಾಣದ ಶೂನ್ಯ ಅಗಲದ ಬೇರ್ಪಡಿಸುವ ಸಂಕೇತ ಉಳಿದಿರಬಹುದು. ಮೊದಲನೆಯದನ್ನು ನಾರ್ಮಲೈಸ್ ವಿಧಾನ ಎನ್‌ಎಫ್‌ಸಿ ಎಂಬ ಒಂದುಗೂಡಿಸಿದ ಯೂನಿಕೋಡ್ ರೂಪಕ್ಕೆ ತಂದು ಸರಿಪಡಿಸುತ್ತದೆ. ಎರಡನೆಯದನ್ನು ಅದು ಮುಟ್ಟುವುದಿಲ್ಲ, ನಾವೇ ತೆಗೆಯಬೇಕು. ಯಾವ ಕಾರಣ ಎಂದು ತಿಳಿಯಲು ಬೇಕಾಗುವುದು ಸ್ಟ್ರಿಂಗ್‌ನ ಪ್ರತಿ ಸಂಕೇತದ ಸಂಖ್ಯೆಯನ್ನು ಹದಿನಾರರ ಮಾನದಲ್ಲಿ ಮುದ್ರಿಸುವ ಒಂದು ಸಣ್ಣ ಸಹಾಯಕ ಫಂಕ್ಷನ್. ಲಾಗ್ ಮಾಡುವ ಸಾಲಿನಲ್ಲಿ ಸ್ಟ್ರಿಂಗ್‌ನ ಪಕ್ಕದಲ್ಲೇ ಅದರ ಫಲಿತಾಂಶವನ್ನೂ ಕೊಟ್ಟರೆ ಬೈಂಡ್‌ನಿಂದ ಬಂದ ಕೊಂಡಿಗೂ ಧಕ್ಕೆಯಾಗುವುದಿಲ್ಲ. ಮುಂದೆ ಹೋಲಿಸುವ ಯಾವ ಲೈಬ್ರರಿಯಲ್ಲೂ ಇದು ಸಿದ್ಧವಾಗಿ ಸಿಗುವುದಿಲ್ಲ. ಕನ್ನಡದಲ್ಲಿ ಹುಡುಕಾಟ, ವಿಂಗಡಣೆ, ಹೆಸರಿನ ಹೊಂದಾಣಿಕೆ ಇರುವ ಯಾವುದೇ ಪ್ರಾಜೆಕ್ಟ್‌ಗೆ ಈ ಫಂಕ್ಷನ್ನನ್ನು ಲಾಗರ್ ಫೈಲ್‌ನಲ್ಲೇ ಇಡಿ ಎಂದು ಒತ್ತಿ ಹೇಳುತ್ತೇನೆ.

ಲಾಗ್‌ಲೆವೆಲ್

ಸ್ವಂತ ರ‍್ಯಾಪರ್‌ನ ಕೆಲಸವನ್ನೇ, ಹೆಚ್ಚು ಅಚ್ಚುಕಟ್ಟಾಗಿ ಮತ್ತು ಬಹಳ ಜನರ ಬಳಕೆಯಲ್ಲಿ ಪಳಗಿದ ರೀತಿಯಲ್ಲಿ ಮಾಡುವುದು ಲಾಗ್‌ಲೆವೆಲ್. ಅದಕ್ಕೆ ಬೇರೆ ಯಾವ ಪ್ಯಾಕೇಜ್‌ನ ಅವಲಂಬನೆಯೂ ಇಲ್ಲ, ಸಂಕುಚಿಸಿದ ಮೇಲೆ ಗಾತ್ರ ಸುಮಾರು 1.4 ಕಿಲೋಬೈಟ್. ಟ್ರೇಸ್, ಡೀಬಗ್, ಇನ್ಫೊ, ವಾರ್ನ್, ಎರರ್ ಎಂಬ ಐದು ಮಟ್ಟಗಳೂ ಎಲ್ಲವನ್ನೂ ಮುಚ್ಚುವ ಸೈಲೆಂಟ್ ಮಟ್ಟವೂ ಇವೆ. ಡೀಫಾಲ್ಟ್ ಆಗಿ ವಾರ್ನ್ ಮತ್ತು ಅದಕ್ಕಿಂತ ಗಂಭೀರವಾದವು ಮಾತ್ರ ಕಾಣುತ್ತವೆ. ಅದು ಬೈಂಡ್ ವಿಧಾನವನ್ನೇ ಅನುಸರಿಸುವುದರಿಂದ ಸಾಲಿನ ಸಂಖ್ಯೆಯ ಪರೀಕ್ಷೆಯಲ್ಲಿ ಪೂರ್ತಿ ಉತ್ತೀರ್ಣವಾಗುತ್ತದೆ. ಹೆಸರು ಕೊಟ್ಟು ಬೇರೆ ಬೇರೆ ಲಾಗರ್‌ಗಳನ್ನು ಮಾಡಿಕೊಳ್ಳಬಹುದಾದ್ದರಿಂದ ಆಸನಕ್ಕೊಂದು, ಪಾವತಿಗೊಂದು ಮಟ್ಟ ಇಡಲು ಸಾಧ್ಯ.

ಇನ್ನೊಂದು ಸಣ್ಣ ಆದರೆ ಉಪಯುಕ್ತ ವಿವರವಿದೆ. ಕ್ರೋಮ್‌ನಲ್ಲಿ ಕನ್ಸೋಲ್‌ನ ಡೀಬಗ್ ವಿಧಾನದಿಂದ ಬಂದ ಸಂದೇಶಗಳು ವರ್ಬೋಸ್ ಎಂಬ ಮಟ್ಟಕ್ಕೆ ಸೇರುತ್ತವೆ, ಮತ್ತು ಆ ಮಟ್ಟವನ್ನು ಕ್ರೋಮ್ ಡೀಫಾಲ್ಟ್ ಆಗಿ ಮರೆಮಾಡುತ್ತದೆ. ಲಾಗ್‌ಲೆವೆಲ್ ತನ್ನ ಡೀಬಗ್ ಮಟ್ಟವನ್ನು ಕನ್ಸೋಲ್‌ನ ಸಾಮಾನ್ಯ ಲಾಗ್ ವಿಧಾನಕ್ಕೆ ಜೋಡಿಸಿರುವುದರಿಂದ ಈ ತೊಡಕು ಬರುವುದಿಲ್ಲ. ಮಟ್ಟ ತೆರೆದರೂ ಸಂದೇಶ ಏಕೆ ಬರುತ್ತಿಲ್ಲ ಎಂದು ತಂಡದ ಹೊಸಬರು ಪರದಾಡುವುದು ತಪ್ಪುತ್ತದೆ.

ಇದನ್ನು ಬಳಸುವಾಗ ತಪ್ಪದೇ ತಿಳಿದಿರಬೇಕಾದದ್ದು ಮಟ್ಟವನ್ನು ನೆನಪಿಟ್ಟುಕೊಳ್ಳುವ ಅದರ ಕ್ರಮ. ಸೆಟ್‌ಲೆವೆಲ್ ಎಂದು ಕರೆದರೆ ಆ ಮಟ್ಟ ಲೋಕಲ್‌ಸ್ಟೋರೇಜ್‌ನಲ್ಲಿ ಉಳಿಯುತ್ತದೆ, ಪುಟ ಮತ್ತೆ ತೆರೆದಾಗಲೂ ಅದೇ ಜಾರಿಯಲ್ಲಿರುತ್ತದೆ. ದೂರು ಬಂದಾಗ ಡೆವಲಪರ್ ಕನ್ಸೋಲ್‌ನಲ್ಲಿ ಕೈಯಿಂದ ಮಟ್ಟ ಬದಲಿಸಿ, ಪುಟವನ್ನು ಮರುಲೋಡ್ ಮಾಡಿ ನೋಡಲು ಇದು ಅತ್ಯುತ್ತಮ. ಆದರೆ ಇದೇ ಸೆಟ್‌ಲೆವೆಲ್‌ಅನ್ನು ಕೋಡ್‌ನಲ್ಲಿ ಬರೆದಿಟ್ಟರೆ, ಕೈಯಿಂದ ಬದಲಿಸಿದ್ದನ್ನು ಪ್ರತಿ ಬಾರಿ ಪುಟ ತೆರೆದಾಗಲೂ ಕೋಡ್ ಅಳಿಸಿಹಾಕುತ್ತದೆ. ಜೊತೆಗೆ, ಒಮ್ಮೆ ಡೀಬಗ್ ಮಟ್ಟದೊಂದಿಗೆ ಬಿಡುಗಡೆಯಾದ ಪುಟವನ್ನು ನೋಡಿದ ಬಳಕೆದಾರರ ಬ್ರೌಸರ್‌ಗಳಲ್ಲಿ ಆ ಮಟ್ಟ ಉಳಿದುಬಿಡುತ್ತದೆ. ಕೋಡ್‌ನಲ್ಲಿ ಬರೆಯಬೇಕಾದದ್ದು ಸೆಟ್‌ಡೀಫಾಲ್ಟ್‌ಲೆವೆಲ್. ಅದು ಈಗಾಗಲೇ ಉಳಿಸಿದ ಮಟ್ಟವಿದ್ದರೆ ಅದನ್ನು ಗೌರವಿಸುತ್ತದೆ, ಇಲ್ಲದಿದ್ದರೆ ಮಾತ್ರ ಜಾರಿಗೆ ಬರುತ್ತದೆ. ಈ ಒಂದು ನಿಯಮವನ್ನು ಪಾಲಿಸಿದರೆ ಲಾಗ್‌ಲೆವೆಲ್‌ನಿಂದ ತೊಂದರೆ ಬರುವುದು ಬಹಳ ಅಪರೂಪ.

ಓದುವವರು ಅದೇ ಯಂತ್ರದ ಮುಂದೆ ಇರುವ, ಮೂರ್ನಾಲ್ಕು ಜನರ ತಂಡದ ಪ್ರಾಜೆಕ್ಟ್‌ಗೆ ನನ್ನ ಮೊದಲ ಆಯ್ಕೆ ಇದು. ಸ್ವಂತ ರ‍್ಯಾಪರ್‌ಗಿಂತ ಇದನ್ನು ಮೇಲೆ ಇಡುವುದು ಮುಖ್ಯವಾಗಿ ಒಂದು ಕಾರಣಕ್ಕೆ: ತಂಡಕ್ಕೆ ಹೊಸದಾಗಿ ಬಂದವರಿಗೆ ಓದಿಕೊಳ್ಳಲು ಸಿದ್ಧ ವಿವರಣೆ ಇರುತ್ತದೆ.

ಡೀಬಗ್ ಲೈಬ್ರರಿ

ಇದರ ಆಲೋಚನೆಯೇ ಬೇರೆ. ಇಲ್ಲಿ ಮಟ್ಟಗಳಿಲ್ಲ, ನೇಮ್‌ಸ್ಪೇಸ್‌ಗಳಿವೆ. ಕಾಯ್ದಿರಿಸುವಿಕೆಯ ಕೆಳಗೆ ಆಸನ, ಪಾವತಿ ಎಂದು ಕೋಲನ್ ಚಿಹ್ನೆಯಿಂದ ಬೇರ್ಪಡಿಸಿ ಹೆಸರಿಟ್ಟು, ಲೋಕಲ್‌ಸ್ಟೋರೇಜ್‌ನ ಡೀಬಗ್ ಎಂಬ ಕೀಗೆ ಬೇಕಾದ ಹೆಸರನ್ನು ಬರೆದು ಪುಟವನ್ನು ಮರುಲೋಡ್ ಮಾಡಿದರೆ ಆ ಭಾಗದ ಸಂದೇಶಗಳು ಮಾತ್ರ ಕಾಣುತ್ತವೆ. ನಕ್ಷತ್ರ ಚಿಹ್ನೆಯಿಂದ ಇಡೀ ಗುಂಪನ್ನು ತೆರೆಯಬಹುದು, ಹೆಸರಿನ ಮುಂದೆ ಮೈನಸ್ ಹಾಕಿ ಒಂದನ್ನು ಹೊರಗಿಡಬಹುದು. ಪ್ರತಿ ಹೆಸರಿಗೂ ಒಂದೊಂದು ಬಣ್ಣ, ಪ್ರತಿ ಸಾಲಿನ ಕೊನೆಯಲ್ಲಿ ಹಿಂದಿನ ಸಂದೇಶದಿಂದ ಎಷ್ಟು ಸಮಯ ಕಳೆಯಿತು ಎಂಬ ಅಂಕಿ. ಹತ್ತಾರು ಮಾಡ್ಯೂಲ್‌ಗಳು ಒಂದರೊಳಗೊಂದು ಹೆಣೆದುಕೊಂಡಿರುವ ದೊಡ್ಡ ಪುಟಗಳಲ್ಲಿ, ಸಾಕೆಟ್‌ನಂತಹ ನಿರಂತರ ಸಂಪರ್ಕಗಳು ಇರುವಲ್ಲಿ, ಆ ಸಮಯದ ಅಂಕಿಯೊಂದೇ ಎಷ್ಟೋ ಗೊಂದಲಗಳನ್ನು ಬಿಡಿಸುತ್ತದೆ. ಒಂದೇ ಕೋಡ್ ನೋಡ್‌ನಲ್ಲೂ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವೇದಿಕೆ) ಬ್ರೌಸರ್‌ನಲ್ಲೂ ಓಡಬೇಕಾದ ಲೈಬ್ರರಿಯನ್ನು ನೀವೇ ಬರೆಯುತ್ತಿದ್ದರೆ ಇದಕ್ಕೆ ಸಾಟಿಯಾದದ್ದು ನನಗೆ ಕಂಡಿಲ್ಲ.

ಕೊರತೆಗಳನ್ನೂ ಹೇಳಬೇಕು. ಎಚ್ಚರಿಕೆ ಯಾವುದು, ಗಂಭೀರ ತಪ್ಪು ಯಾವುದು ಎಂಬ ಭೇದ ಇದರಲ್ಲಿ ಇಲ್ಲದ ಕಾರಣ, ಯಾವಾಗಲೂ ಕಾಣಲೇಬೇಕಾದ ಎರರ್‌ಗಳಿಗೆ ಕನ್ಸೋಲ್‌ನ ಎರರ್ ವಿಧಾನವನ್ನೇ ಬಳಸಬೇಕು. ಇದು ಬ್ರೌಸರ್‌ನಲ್ಲಿ ಕನ್ಸೋಲ್‌ನ ಡೀಬಗ್ ವಿಧಾನದ ಮೂಲಕ ಮುದ್ರಿಸುವುದರಿಂದ ಕ್ರೋಮ್‌ನಲ್ಲಿ ವರ್ಬೋಸ್ ಮಟ್ಟವನ್ನು ತೆರೆಯದಿದ್ದರೆ ಏನೂ ಕಾಣುವುದಿಲ್ಲ. ಸಾಲಿನ ಸಂಖ್ಯೆಯ ಕೊಂಡಿ ಈ ಲೈಬ್ರರಿಯ ಸ್ವಂತ ಫೈಲ್‌ಗೆ ಹೋಗುತ್ತದೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿರುವ ಇಗ್ನೋರ್ ಲಿಸ್ಟ್‌ಗೆ ಆ ಫೈಲನ್ನು ಸೇರಿಸಿದರೆ ಮಾತ್ರ ನಿಮ್ಮ ಫೈಲ್ ಕಾಣಿಸಿಕೊಳ್ಳುತ್ತದೆ. ತಂಡದ ಪ್ರತಿಯೊಬ್ಬರೂ ತಮ್ಮ ತಮ್ಮ ಯಂತ್ರದಲ್ಲಿ ಈ ಎರಡು ಹೊಂದಾಣಿಕೆಗಳನ್ನು ಮಾಡಿಕೊಳ್ಳಬೇಕಾಗುತ್ತದೆ ಎಂಬುದು ಸಣ್ಣ ಸಂಗತಿಯಲ್ಲ.

ಭದ್ರತೆಯ ಮಾತು ಇಲ್ಲಿಯೇ ಬರಬೇಕು. 2025ರ ಸೆಪ್ಟೆಂಬರ್ 8ರಂದು, ಈ ಪ್ಯಾಕೇಜನ್ನು ನಿರ್ವಹಿಸುವವರ ಎನ್‌ಪಿಎಂ ಖಾತೆಯನ್ನು ನಕಲಿ ಇಮೇಲ್ ಮೂಲಕ ವಶಪಡಿಸಿಕೊಂಡ ದಾಳಿಕೋರರು ಡೀಬಗ್‌ನ 4.4.2 ಆವೃತ್ತಿಯಲ್ಲಿಯೂ, ಚಾಕ್ ಸೇರಿದಂತೆ ಬಹಳಷ್ಟು ಬಳಕೆಯಲ್ಲಿರುವ ಇತರ ಪ್ಯಾಕೇಜ್‌ಗಳಲ್ಲಿಯೂ ದುರುದ್ದೇಶದ ಕೋಡ್ ಸೇರಿಸಿ ಪ್ರಕಟಿಸಿದರು. ಆ ಕೋಡ್ ಗುರಿಯಿಟ್ಟಿದ್ದು ಬ್ರೌಸರನ್ನೇ: ಪುಟದ ನೆಟ್‌ವರ್ಕ್ ಕರೆಗಳ ಮತ್ತು ಕ್ರಿಪ್ಟೋ ವಾಲೆಟ್‌ಗಳ ನಡುವೆ ನುಸುಳಿ, ಹಣ ಹೋಗಬೇಕಾದ ವಿಳಾಸವನ್ನು ಬದಲಿಸುವುದು ಅದರ ಕೆಲಸ. ಕೆಲವೇ ಗಂಟೆಗಳಲ್ಲಿ ಅದು ಪತ್ತೆಯಾಗಿ ಆ ಆವೃತ್ತಿಗಳನ್ನು ತೆಗೆದುಹಾಕಲಾಯಿತು. ಇದರಿಂದ ಡೀಬಗ್ ಕೆಟ್ಟ ಲೈಬ್ರರಿ ಎಂದೇನೂ ಆಗುವುದಿಲ್ಲ. ಇಂತಹ ದಾಳಿ ಯಾವ ಪ್ಯಾಕೇಜ್ ಮೇಲೂ ನಡೆಯಬಹುದು. ಆದರೆ ಲಾಗಿಂಗ್ ಲೈಬ್ರರಿ ನಿಮ್ಮ ಪುಟದ ಪ್ರತಿ ಮಾಡ್ಯೂಲ್‌ನಲ್ಲೂ, ಪಾವತಿಯ ಮಾಡ್ಯೂಲ್‌ನಲ್ಲಿಯೂ ಕುಳಿತಿರುತ್ತದೆ. ಆದ್ದರಿಂದ ಪ್ರತಿ ಪ್ಯಾಕೇಜ್‌ನ ನಿಖರ ಆವೃತ್ತಿಯನ್ನು ಬರೆದಿಡುವ ಲಾಕ್ ಫೈಲ್ ಇಟ್ಟು, ಅದನ್ನೇ ಅನುಸರಿಸುವ ಎನ್‌ಪಿಎಂ ಸಿಐ ಆದೇಶದಿಂದಲೇ ಬಿಲ್ಡ್ ಮಾಡಬೇಕು, ಆವೃತ್ತಿಯನ್ನು ಏರಿಸುವುದು ಒಬ್ಬರು ನೋಡಿ ಒಪ್ಪುವ ಪ್ರತ್ಯೇಕ ಕೆಲಸವಾಗಿರಬೇಕು. ಹಣಕಾಸಿನ ಪುಟಗಳಲ್ಲಿ ಮೂವತ್ತು ಸಾಲಿನ ಸ್ವಂತ ರ‍್ಯಾಪರ್‌ನ ಪರವಾಗಿ ನಾನು ವಾದಿಸುವುದು ಇದೇ ಕಾರಣಕ್ಕೆ.

ಓದುವವರು ದೂರದಲ್ಲಿದ್ದಾಗ

ಬಳಕೆದಾರರ ಫೋನಿನ ಕನ್ಸೋಲ್‌ನಲ್ಲಿ ಮೂಡಿದ ಸಂದೇಶವನ್ನು ಯಾರೂ ಓದುವುದಿಲ್ಲ. ಆ ಫೋನ್ ನಿಮ್ಮ ಕೈಗೇ ಸಿಗುವಂತಿದ್ದರೆ ಆಂಡ್ರಾಯ್ಡ್ ಆದಲ್ಲಿ ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರ್‌ನ ಕ್ರೋಮ್‌ಗೆ ಜೋಡಿಸಿ ಕನ್ಸೋಲ್ ನೋಡಬಹುದು; ಕೇಬಲ್ ಇಲ್ಲದಿದ್ದರೆ ಎರುಡಾ ಅಥವಾ ಟೆನ್ಸೆಂಟ್‌ನ ವಿಕನ್ಸೋಲ್‌ನಂತಹ ಸಾಧನವನ್ನು ಪರೀಕ್ಷೆಯ ಬಿಲ್ಡ್‌ಗೆ ಸೇರಿಸಿದರೆ ಪುಟದೊಳಗೇ ಒಂದು ಕನ್ಸೋಲ್ ತೆರೆದುಕೊಳ್ಳುತ್ತದೆ. ಫೋನ್ ಕೈಗೆ ಸಿಗದಿದ್ದಾಗ ಸಂದೇಶವನ್ನು ಸರ್ವರ್‌ಗೆ ಕಳುಹಿಸಲೇಬೇಕು.

ಇಲ್ಲಿ ಪಿನೊದ ಹೆಸರು ಬರುತ್ತದೆ. ನೋಡ್ ಸರ್ವರ್‌ಗಳಲ್ಲಿ ಪ್ರತಿ ಸಂದೇಶವನ್ನು ಒಂದು ಸಾಲಿನ ಜೇಸನ್ ಆಗಿ ಬರೆಯುವ ಈ ಲೈಬ್ರರಿಗೆ ಬ್ರೌಸರ್ ರೂಪವೂ ಇದೆ. ಅದರ ಟ್ರಾನ್ಸ್‌ಮಿಟ್ ಆಯ್ಕೆಗೆ ಒಂದು ಫಂಕ್ಷನ್ ಕೊಟ್ಟರೆ, ನೀವು ಹೇಳಿದ ಮಟ್ಟದ ಮತ್ತು ಅದಕ್ಕಿಂತ ಗಂಭೀರವಾದ ಪ್ರತಿ ಸಂದೇಶವೂ ಸಮಯ, ಮಟ್ಟ ಮತ್ತು ಹಿನ್ನೆಲೆ ವಿವರಗಳೊಂದಿಗೆ ಆ ಫಂಕ್ಷನ್‌ಗೆ ಬರುತ್ತದೆ. ಸರ್ವರ್‌ನಲ್ಲಿ ಈಗಾಗಲೇ ಪಿನೊ ಇದ್ದರೆ ಮಟ್ಟಗಳ ಹೆಸರೂ ಅಂಕಿಗಳೂ, ಅಂದರೆ ಟ್ರೇಸ್‌ಗೆ 10ರಿಂದ ಫೇಟಲ್‌ಗೆ 60ರವರೆಗೆ, ಎರಡೂ ಕಡೆ ಒಂದೇ ಆಗುತ್ತವೆ, ಒಟ್ಟಿಗೆ ಹುಡುಕುವುದು ಸುಲಭ. ಆದರೆ ಟ್ರಾನ್ಸ್‌ಮಿಟ್ ಬಳಸಿದಾಗ ಕರೆ ಪಿನೊದ ಒಳಗಿನ ಫಂಕ್ಷನ್ ಮೂಲಕ ಹಾದುಹೋಗುವುದರಿಂದ ಸಾಲಿನ ಸಂಖ್ಯೆಯ ಕೊಂಡಿ ಕೆಡುತ್ತದೆ. ಇನ್ನೂ ಮುಖ್ಯವಾದದ್ದು: ಪಿನೊದ ಸೀರಿಯಲೈಸರ್‌ಗಳು, ಅಂದರೆ ಮೌಲ್ಯವನ್ನು ಲಾಗ್‌ಗೆ ಬರೆಯುವ ಮುನ್ನ ಅದರ ರೂಪ ಬದಲಿಸುವ ಫಂಕ್ಷನ್‌ಗಳು, ಬ್ರೌಸರ್‌ನ ಕನ್ಸೋಲ್‌ಗೆ ಹೋಗುವ ಸಂದೇಶಗಳ ಮೇಲೆ ಡೀಫಾಲ್ಟ್ ಆಗಿ ಕೆಲಸ ಮಾಡುವುದಿಲ್ಲ, ಅದಕ್ಕೆ ಸೀರಿಯಲೈಸ್ ಎಂಬ ಆಯ್ಕೆಯನ್ನು ಪ್ರತ್ಯೇಕವಾಗಿ ಆನ್ ಮಾಡಬೇಕು; ಬ್ರೌಸರ್‌ನ ಲಾಗರ್‌ಗೆ ಕೊಟ್ಟ ಸೀರಿಯಲೈಸರ್‌ಗಳು ಟ್ರಾನ್ಸ್‌ಮಿಟ್‌ಗೆ ಹೋಗುವ ಸಂದೇಶಗಳಿಗೆ ಮಾತ್ರ ತಾವಾಗಿಯೇ ಅನ್ವಯಿಸುತ್ತವೆ. ಸರ್ವರ್‌ನಲ್ಲಿ ಫೋನ್ ಸಂಖ್ಯೆಯನ್ನು ಮರೆಮಾಚುವ ಸೀರಿಯಲೈಸರ್ ಬರೆದಿಟ್ಟು, ಬ್ರೌಸರ್‌ನ ಲಾಗರ್‌ಗೆ ಅದನ್ನು ಕೊಡದೆ, ಅಲ್ಲೂ ಅದೇ ಆಗುತ್ತಿದೆ ಎಂದು ಭಾವಿಸಿದರೆ ಪ್ರಯಾಣಿಕರ ಸಂಖ್ಯೆಗಳು ಹಾಗೆಯೇ ಲಾಗ್‌ಗೆ ಸೇರುತ್ತವೆ. ವಿನ್ಸ್ಟನ್‌ನಂತಹ, ನೋಡ್‌ಗಾಗಿಯೇ ಬರೆದ ಲೈಬ್ರರಿಗಳನ್ನು ಬ್ರೌಸರ್‌ಗೆ ಎಳೆದು ತರುವ ಪ್ರಯತ್ನವನ್ನು ಮಾಡದಿರುವುದೇ ಒಳ್ಳೆಯದು.

ಪಿನೊ ಬೇಡವಾದರೆ, ಲಾಗ್‌ಲೆವೆಲ್ ಅಥವಾ ಸ್ವಂತ ರ‍್ಯಾಪರ್ ಪಕ್ಕದಲ್ಲಿ ಎರರ್‌ಗಳನ್ನು ಮಾತ್ರ ಕಳುಹಿಸುವ ಸಣ್ಣ ಮಾಡ್ಯೂಲ್ ಬರೆಯುವುದು ಬಹುಪಾಲು ಪುಟಗಳಿಗೆ ಸಾಕಾಗುತ್ತದೆ. ಹಿಡಿಯಬೇಕಾದವು ವಿಂಡೋನ ಎರರ್ ಈವೆಂಟ್ ಮತ್ತು ಯಾರೂ ಹಿಡಿಯದ ಪ್ರಾಮಿಸ್‌ಗಳ ಅನ್‌ಹ್ಯಾಂಡಲ್ಡ್‌ರಿಜೆಕ್ಷನ್ ಈವೆಂಟ್. ಸಂದೇಶಗಳನ್ನು ಒಂದೊಂದಾಗಿ ಕಳುಹಿಸದೆ ಕೂಡಿಟ್ಟು, ಪುಟ ಮರೆಯಾಗುವಾಗ ಬರುವ ವಿಸಿಬಿಲಿಟಿಚೇಂಜ್ ಈವೆಂಟ್‌ನಲ್ಲಿ ಪುಟ ಮುಚ್ಚಿದರೂ ಹಿನ್ನೆಲೆಯಲ್ಲಿ ದತ್ತಾಂಶ ಕಳುಹಿಸುವ ಸೆಂಡ್‌ಬೀಕನ್ ಮೂಲಕ ಕಳುಹಿಸಬೇಕು. ಫೋನ್‌ಗಳಲ್ಲಿ ಅನ್‌ಲೋಡ್ ಈವೆಂಟ್ ಬಂದೇ ಬರುತ್ತದೆ ಎಂದು ನಂಬುವಂತಿಲ್ಲ. ಬೀಕನ್‌ನಲ್ಲಿ ಒಮ್ಮೆಗೆ ಸಾಗುವುದು 64 ಕಿಲೋಬೈಟ್ ಮಾತ್ರ, ಆದ್ದರಿಂದ ಕೂಡಿಡುವ ಸಂದೇಶಗಳಿಗೆ ಮಿತಿ ಹಾಕಬೇಕು. ಕಳುಹಿಸುವುದು ವಿಫಲವಾದಾಗ ಆ ವೈಫಲ್ಯವನ್ನೇ ಮತ್ತೆ ಲಾಗ್ ಮಾಡಿ ಕಳುಹಿಸಲು ಹೋಗುವ ಕೊನೆಯಿಲ್ಲದ ಸುತ್ತಿಗೆ ದಾರಿ ಕೊಡಬಾರದು. ಬೇರೆ ಡೊಮೇನ್‌ನಿಂದ ಬಂದ ಸ್ಕ್ರಿಪ್ಟ್‌ನ ತಪ್ಪುಗಳು ಕೇವಲ ಸ್ಕ್ರಿಪ್ಟ್ ಎರರ್ ಎಂದಷ್ಟೇ ಕಾಣುತ್ತಿದ್ದರೆ, ಆ ಸ್ಕ್ರಿಪ್ಟ್ ಟ್ಯಾಗ್‌ಗೆ ಕ್ರಾಸ್‌ಒರಿಜಿನ್ ಗುಣವನ್ನೂ, ಅದನ್ನು ಕೊಡುವ ಸರ್ವರ್‌ನಲ್ಲಿ ಕಾರ್ಸ್ (ಬೇರೆ ಡೊಮೇನ್‌ನ ಪುಟಕ್ಕೆ ಓದಲು ಬಿಡುವ) ಅನುಮತಿಯನ್ನೂ ಸೇರಿಸಬೇಕು.

ದೂರಕ್ಕೆ ಕಳುಹಿಸುವ ಲಾಗ್‌ನಲ್ಲಿ ಏನಿರಬಾರದು ಎಂಬುದು ಏನಿರಬೇಕು ಎಂಬುದಕ್ಕಿಂತ ದೊಡ್ಡ ವಿಷಯ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಲು ಸೂಚಿಸಬೇಕಾಗಿ ಬಂದದ್ದು, ಪಾಸ್‌ವರ್ಡ್‌ಗಳು ಮರೆಮಾಚುವ ಮುನ್ನವೇ ಒಳಗಿನ ಲಾಗ್‌ನಲ್ಲಿ ಬರೆದುಹೋಗಿದ್ದರಿಂದ. ಅಷ್ಟು ದೊಡ್ಡ ಸಂಸ್ಥೆಯಲ್ಲೂ ಹಾಗಾಗುವುದಾದರೆ ಫಾರ್ಮ್‌ನ ಇಡೀ ಆಬ್ಜೆಕ್ಟನ್ನು ಲಾಗ್‌ಗೆ ಕೊಡುವ ಒಂದು ಸಾಲು ನಮ್ಮ ಪಾವತಿ ಮಾಡ್ಯೂಲ್‌ನಲ್ಲೂ ನುಸುಳಬಹುದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸೂಕ್ತ ಭದ್ರತಾ ಕ್ರಮಗಳನ್ನು ಕೈಗೊಳ್ಳದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಕಳುಹಿಸಬಾರದ್ದನ್ನು ಪಟ್ಟಿ ಮಾಡಿ ತೆಗೆಯುವ ಬದಲು, ಕಳುಹಿಸಬಹುದಾದ ಕೆಲವೇ ಕ್ಷೇತ್ರಗಳನ್ನು ಪಟ್ಟಿ ಮಾಡಿ ಅವನ್ನಷ್ಟೇ ಬಿಡುವ ಕ್ರಮವೇ ಸುರಕ್ಷಿತ: ತಪ್ಪಿನ ಪಠ್ಯ, ಸ್ಟ್ಯಾಕ್, ಬಿಲ್ಡ್‌ನ ಆವೃತ್ತಿ, ಮಾಡ್ಯೂಲ್‌ನ ಹೆಸರು.

ಬಿಲ್ಡ್ ಮಾಡುವಾಗ

ಆಯ್ಕೆಯನ್ನು ತಿರುಗಿಸಬಲ್ಲ ಸಂಗತಿಯೊಂದು, ಕೋಡನ್ನು ಬಿಡುಗಡೆಗೆ ಸಿದ್ಧಪಡಿಸುವ ಬಿಲ್ಡ್ ಹಂತದಲ್ಲಿದೆ. ಕೋಡನ್ನು ಸಂಕುಚಿಸುವ ಟರ್ಸರ್‌ನ ಡ್ರಾಪ್‌ಕನ್ಸೋಲ್ ಮತ್ತು ಫೈಲ್‌ಗಳನ್ನು ಒಟ್ಟುಗೂಡಿಸುವ ಇಎಸ್‌ಬಿಲ್ಡ್‌ನ ಡ್ರಾಪ್ ಆಯ್ಕೆಗಳು ಬಿಡುಗಡೆಯ ಕೋಡ್‌ನಿಂದ ಕನ್ಸೋಲ್ ಕರೆಗಳನ್ನು ತೆಗೆದುಹಾಕುತ್ತವೆ. ಬರಿಯ ಕನ್ಸೋಲ್ ಬಳಸುವವರಿಗೆ ಇದು ಆಕರ್ಷಕ. ಆದರೆ ಸುಮ್ಮನೆ ಆನ್ ಮಾಡಿದರೆ ಎರರ್ ಮತ್ತು ವಾರ್ನ್ ಕರೆಗಳೂ ಹೋಗುತ್ತವೆ, ಇಎಸ್‌ಬಿಲ್ಡ್‌ನಲ್ಲಿ ಆರ್ಗ್ಯುಮೆಂಟ್ ಒಳಗೆ ನಡೆಯುತ್ತಿದ್ದ ಕೆಲಸವೂ ಅದರೊಂದಿಗೇ ಹೋಗುತ್ತದೆ. ಲಾಗ್‌ಲೆವೆಲ್ ಅಥವಾ ಸ್ವಂತ ಲಾಗರ್‌ನ ಕರೆಗಳು ಕನ್ಸೋಲ್ ಕರೆಗಳಲ್ಲದ ಕಾರಣ ಇವುಗಳಿಂದ ಅಳಿಯುವುದಿಲ್ಲ. ಟರ್ಸರ್‌ನ ಪ್ಯೂರ್‌ಫಂಕ್ಸ್ ಪಟ್ಟಿಗೆ ಲಾಗರ್‌ನ ಡೀಬಗ್ ಹೆಸರನ್ನು ಸೇರಿಸಿ ಆ ಮಟ್ಟವನ್ನು ಮಾತ್ರ ತೆಗೆಯಬಹುದು. ದೂರು ಬಂದಾಗ ಬಿಡುಗಡೆಯಾದ ಪುಟದಲ್ಲೇ ಮಟ್ಟವನ್ನು ತೆರೆದು ನೋಡುವ ಅವಕಾಶ ಆಗ ಇಲ್ಲವಾಗುತ್ತದೆ ಎಂಬ ಕಾರಣಕ್ಕೆ ನಾನು ತೆಗೆಯದಿರುವುದನ್ನೇ ಇಷ್ಟಪಡುತ್ತೇನೆ.

ಹಾಗೆ ಉಳಿಸಿಕೊಂಡಾಗ ವೇಗದ ಬಗ್ಗೆ ಒಂದು ಎಚ್ಚರ ಬೇಕು. ಮಟ್ಟ ಮುಚ್ಚಿದ್ದರೂ ಆರ್ಗ್ಯುಮೆಂಟ್‌ಗಳ ಲೆಕ್ಕಾಚಾರ ನಡೆದೇ ನಡೆಯುತ್ತದೆ. 40 ಆಸನಗಳ ಇಡೀ ನಕ್ಷೆಯನ್ನು ಜೇಸನ್ ಸ್ಟ್ರಿಂಗ್ ಆಗಿ ಪರಿವರ್ತಿಸಿ ಖಾಲಿ ಫಂಕ್ಷನ್‌ಗೆ ಕೊಡುವ ಸಾಲು, ಮೌಸ್ ಅಲುಗಿದಾಗಲೆಲ್ಲ ಓಡಿದರೆ, ಅಗ್ಗದ ಫೋನ್‌ಗಳಲ್ಲಿ ಪುಟ ತಡವರಿಸುವುದಕ್ಕೆ ಅದೇ ಸಾಕು. ಆಬ್ಜೆಕ್ಟನ್ನು ಹಾಗೆಯೇ ಕೊಡಬೇಕು, ಅಥವಾ ಮಟ್ಟ ತೆರೆದಿದೆಯೇ ಎಂದು ನೋಡಿದ ಮೇಲೆ ಪರಿವರ್ತಿಸಬೇಕು.

ಯಾವುದನ್ನು ಆರಿಸಿದರೂ ಅದನ್ನು ಪ್ರತಿ ಫೈಲ್‌ನಲ್ಲಿ ನೇರವಾಗಿ ಇಂಪೋರ್ಟ್ ಮಾಡದೆ ಲಾಗರ್ ಎಂಬ ಒಂದೇ ಫೈಲ್ ಮೂಲಕ ಹಾಯಿಸಿ. ಕೋಡ್ ತಪಾಸಣೆಯ ಸಾಧನವಾದ ಇಎಸ್‌ಲಿಂಟ್‌ನ ನೋ‑ಕನ್ಸೋಲ್ ನಿಯಮವನ್ನು ಆನ್ ಮಾಡಿ ಆ ಫೈಲ್‌ಗೆ ಮಾತ್ರ ವಿನಾಯಿತಿ ಕೊಡಿ. ಆಮೇಲೆ ಬಿಡುಗಡೆಯ ಬಿಲ್ಡನ್ನು ಒಂದು ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲಿ ತೆರೆದು, ಪಾವತಿಯ ಮಾಡ್ಯೂಲ್‌ನಲ್ಲಿ ಉದ್ದೇಶಪೂರ್ವಕವಾಗಿ ಒಂದು ಎರರ್ ಎಸೆದು, ಪುಟವನ್ನು ಹಿನ್ನೆಲೆಗೆ ಸರಿಸಿ, ಅದು ಸರ್ವರ್ ತಲುಪಿತೇ ಮತ್ತು ತಲುಪಿದ ಸಂದೇಶದಲ್ಲಿ ಪ್ರಯಾಣಿಕರ ಯಾವ ವಿವರವೂ ಇಲ್ಲವೇ ಎಂದು ಕಣ್ಣಾರೆ ನೋಡಿ.